ಪಾರಿಜಾತದ ಪರಿಮಳ

ಘಟಪ್ರಭೆಯ ದಡದಲ್ಲಿ ಹಬ್ಬಿದ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಈ ಸೀಮೆಯು ಜಲಪಾತಕ್ಕೂ ಕರದಂಟಿಗೂ ಪ್ರಖ್ಯಾತವಾಗಿದ್ದರೂ, ಇದರ ನಿಜವಾದ ಕೀರ್ತಿಯು ಶ್ರೀಕೃಷ್ಣ ಪಾರಿಜಾತವೆಂಬ ಆಟದಲ್ಲಿಯೇ ನೆಲೆಸಿದೆಯೆಂಬುದು ನನ್ನ ದೃಢವಾದ ಅಭಿಮತ. ಅಪರಾಳ ತಮ್ಮಣ್ಣನು ರಚಿಸಿದ ಕಾವ್ಯವನ್ನು ಬಯಲಾಟದ ರೂಪಕ್ಕೆ ತಂದು, ಹಳ್ಳಿಹಳ್ಳಿಗೆ ಕೊಂಡೊಯ್ದವನು 19ನೆಯ ಶತಮಾನದ ಕುಲಗೋಡ ತಮ್ಮಣ್ಣ. ಅವನ ಕುಲಗೋಡವು ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದು, ಈಗ ಮೂಡಲಗಿಗೆ ಸಂದಿದೆ.

ಕಥೆಯೇನೋ ಸರಳವಾದುದು: ನಾರದನು ತಂದಿತ್ತ ಪಾರಿಜಾತವನ್ನು ಕೃಷ್ಣನು ರುಕ್ಮಿಣಿಗೆ ಕೊಡಲು, ಸತ್ಯಭಾಮೆಯು ಮುನಿದು ಕೂಡುವಳು. ಆದರೆ ಆ ಮುನಿಸಿನ ಒಂದೊಂದು ಎಳೆಯನ್ನೂ ಹಿಂದೂಸ್ತಾನಿಯ ಛಾಯೆಯುಳ್ಳ ರಾಗಗಳಲ್ಲಿ ಹಿಂಜಿ ಹಾಡುತ್ತ, ನಡುನಡುವೆ ಭಾಗವತನೇ ದೂತಿಯಾಗಿ ನಿಂತು ಅಚ್ಚ ಹಳ್ಳಿಯ ಮಾತಿನಲ್ಲಿ ದೇವರನ್ನೇ ಕೆಣಕಿ ಪ್ರಶ್ನಿಸುವಾಗ, ಇರುಳೆಲ್ಲ ಕುಳಿತ ರೈತಸಮುದಾಯಕ್ಕೆ ದ್ವಾರಕೆಯ ಅಂತಃಪುರವು ನೆರೆಮನೆಯಂತೆ ಪರಿಚಿತವಾಗುತ್ತಿದ್ದಿತು. ಶೃಂಗಾರವೂ ಭಕ್ತಿಯೂ ಇಷ್ಟು ನಿಸ್ಸಂಕೋಚವಾಗಿ ಬೆರೆತ ಇನ್ನೊಂದು ಆಟವನ್ನು ನಾನು ಕಾಣೆ.

ಈ ಪರಂಪರೆಯಲ್ಲಿ ಕೌಜಲಗಿ ನಿಂಗಮ್ಮನ ಹೆಸರು ಪ್ರತ್ಯೇಕವಾಗಿ ಸ್ಮರಣೀಯವಾದುದು. ಗಂಡಸರೇ ಹೆಣ್ಣುವೇಷ ಧರಿಸುತ್ತಿದ್ದ ಬಯಲಾಟದ ರಂಗದಲ್ಲಿ ಹೆಣ್ಣಾಗಿಯೇ ನಿಂತು ಹಾಡಿ, ಅಭಿನಯಿಸಿ, ಪಾರಿಜಾತವೆಂದೊಡನೆ ಜನರು ತನ್ನ ಹೆಸರನ್ನು ನೆನೆಯುವಂತೆ ಮಾಡಿದ ಆಕೆಯ ಧೈರ್ಯಕ್ಕೆ, ಕಂಠಸಿರಿಗೆ ಸಂದಷ್ಟೇ ಗೌರವವು ಸಲ್ಲತಕ್ಕದ್ದು.