ವಿದ್ಯುತ್ ಗದ್ದಲ ನಿವಾರಣೆ: ಕಂಪ್ಯೂಟರ್ ಮಾಪನದಲ್ಲಿ

ಅಳೆಯಬೇಕಾದ ಸಿಗ್ನಲ್‌ನ ಜೊತೆ ಬೆರೆತು ಬರುವ ಬೇಡದ ವಿದ್ಯುತ್ ಏರಿಳಿತವೇ ಗದ್ದಲ. ಉಷ್ಣತೆ, ಕಂಪನ, ತೇವ, ಬೆಳಕು ಯಾವುದನ್ನೇ ಅಳೆದರೂ ಸೆನ್ಸರ್ ಕೊಡುವುದು ಹೆಚ್ಚಾಗಿ ಮಿಲಿವೋಲ್ಟುಗಳ ಲೆಕ್ಕದ ಸಿಗ್ನಲ್. ಅದು ತಂತಿಯಲ್ಲಿ ಸಾಗಿ, ಅಂಕಿಯಾಗಿ ಕಂಪ್ಯೂಟರ್ ಸೇರುವಷ್ಟರಲ್ಲಿ ಗದ್ದಲ ಅದನ್ನು ಮುಚ್ಚಿಹಾಕಬಹುದು.

ಗದ್ದಲದ ಒಂದು ಬಗೆ ವಸ್ತುವಿನೊಳಗೇ ಇದೆ. ಜರ್ಮನಿಯ ವಾಲ್ಟರ್ ಶಾಟ್ಕಿ 1918ರಲ್ಲಿ, ವಿದ್ಯುತ್ ಪ್ರವಾಹ ಬಿಡಿಬಿಡಿ ಎಲೆಕ್ಟ್ರಾನುಗಳಿಂದ ಆಗಿರುವುದರಿಂದಲೇ ಏರಿಳಿತ ಹುಟ್ಟುತ್ತದೆಂದು ತೋರಿಸಿದ. 1928ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಜಾನ್ಸನ್ ಮತ್ತು ನೈಕ್ವಿಸ್ಟ್, ಯಾವುದೇ ರೋಧಕ ತನ್ನ ಉಷ್ಣತೆಯಿಂದಲೇ ಗದ್ದಲ ಉಂಟುಮಾಡುತ್ತದೆಂದು ಅಳೆದು, ಲೆಕ್ಕ ಹಾಕಿ ಸ್ಥಾಪಿಸಿದರು. ಇದನ್ನು ತಡೆಯಲಾಗದು, ಆದರೆ ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯಬಹುದು. ನೂರು ಸಲ ಅಳೆದರೆ ಗದ್ದಲ ಹತ್ತನೇ ಒಂದಕ್ಕೆ ಇಳಿಯುತ್ತದೆ. ಎರಡನೆಯ ಬಗೆ ಹೊರಗಿನದು: 50 ಹರ್ಟ್ಸ್‌ನ ಮನೆವಿದ್ಯುತ್ತು, ಮೋಟಾರು, ಎಫ್‌ಎಂ ಪ್ರಸಾರ, ಸಿಡಿಲು. ಕಂಪ್ಯೂಟರ್ ಕೂಡ ಈ ಪಟ್ಟಿಗೇ ಸೇರಿದ್ದು. ಅಳತೆಯನ್ನು ದಾಖಲಿಸಲು ತಂದಿಟ್ಟ ಯಂತ್ರದ ಕ್ಲಾಕ್ ಮತ್ತು ಪವರ್ ಸಪ್ಲೈ ಪಕ್ಕದ ಸೆನ್ಸರ್‌ಗೆ ಗದ್ದಲ ಸುರಿಯುತ್ತವೆ. ಸೆನ್ಸರ್‌ಗೊಂದು, ಕಂಪ್ಯೂಟರ್‌ಗೊಂದು ಎಂದು ಎರಡು ಕಡೆ ಅರ್ಥಿಂಗ್ ಕೊಟ್ಟರೆ, ಆ ಎರಡು ನೆಲೆಗಳ ವೋಲ್ಟೇಜ್ ವ್ಯತ್ಯಾಸದಿಂದ ತಂತಿಯಲ್ಲಿ ಪ್ರವಾಹ ಹರಿದು ಅಳತೆಯನ್ನು ಕೆಡಿಸುತ್ತದೆ. ಹೆಣೆದ ಜೋಡಿ ತಂತಿ, ಹೊರಗವಚ, ಒಂದೇ ಕಡೆ ಅರ್ಥಿಂಗ್, ಎರಡು ತಂತಿಗಳ ವ್ಯತ್ಯಾಸವನ್ನಷ್ಟೇ ಹಿಗ್ಗಿಸುವ ಆಂಪ್ಲಿಫೈಯರ್ ಇವೆಲ್ಲ ಈ ಬಗೆಗೆ ಹುಟ್ಟಿದ ಮದ್ದುಗಳು.

ಗದ್ದಲವನ್ನು ಅಂಕಿಯಾಗುವ ಮೊದಲೇ ತಡೆಯಬೇಕು. ಸೆಕೆಂಡಿಗೆ 1000 ಸಲ ಮಾದರಿ ತೆಗೆಯುವ ಉಪಕರಣಕ್ಕೆ 950 ಹರ್ಟ್ಸ್ ಗದ್ದಲ ನುಗ್ಗಿದರೆ ಅದು ದಾಖಲೆಯಲ್ಲಿ 50 ಹರ್ಟ್ಸ್ ಆಗಿ ಕೂರುತ್ತದೆ. ಆಮೇಲೆ ಯಾವ ಸಾಫ್ಟ್‌ವೇರಿಗೂ ಅಸಲಿ ನಕಲಿ ತಿಳಿಯುವುದಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆ ಪಳಗಿದ ದೊಡ್ಡ ಬಯಲು ಗೌರಿಬಿದನೂರಿನದು. ಭೂಗತ ಅಣುಸ್ಫೋಟಗಳನ್ನು ಪತ್ತೆಹಚ್ಚಲು 1965ರಲ್ಲಿ ಬ್ರಿಟನ್ನಿನ ಸಹಕಾರದೊಂದಿಗೆ ಇಲ್ಲಿ ಭೂಕಂಪ ಮಾಪಕಗಳ ಸಾಲು ಶುರುವಾಯಿತು. ಇಪ್ಪತ್ತು ಮಾಪಕಗಳನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಹರಡಲಾಗಿತ್ತು. ದೂರದ ಅಲೆ ಒಂದೊಂದು ಮಾಪಕವನ್ನು ಒಂದೊಂದು ಕ್ಷಣದಲ್ಲಿ ಮುಟ್ಟುತ್ತದೆ. ಆ ಕಾಲಾಂತರವನ್ನು ಸರಿಹೊಂದಿಸಿ ಕೂಡಿದರೆ ಅಲೆ ಬಲಗೊಳ್ಳುತ್ತದೆ, ಆಯಾ ಸ್ಥಳದ ಗದ್ದಲಗಳು ಒಂದನ್ನೊಂದು ಅಳಿಸುತ್ತವೆ. ಇಪ್ಪತ್ತು ಮಾಪಕಗಳಿಂದ ಸುಮಾರು ನಾಲ್ಕೂವರೆ ಪಟ್ಟು ಲಾಭ. ಆದರೆ ಪ್ರತಿ ಮಾಪಕದ ಗದ್ದಲ ಸ್ವತಂತ್ರವಾಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಎಲ್ಲದರೊಳಗೂ ಒಂದೇ ತಾಳದಲ್ಲಿ ನುಗ್ಗಿದ ವಿದ್ಯುತ್ ಗುಂಯ್‌ಗುಟ್ಟುವಿಕೆಯನ್ನು ಕೂಡಿದರೆ ಅದೂ ಬೆಳೆಯುತ್ತದೆ.

1976ರಿಂದ ಅದೇ ಗೌರಿಬಿದನೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳ ರೇಡಿಯೋ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿತು. ಸಾವಿರ ಡೈಪೋಲ್ ಆಂಟೆನಾಗಳು, ಪೂರ್ವ ಪಶ್ಚಿಮದ ತೋಳು 1.4 ಕಿ.ಮೀ. ಈ ಕಂಪನಾಂಕದಲ್ಲಿ ಆಕಾಶದ ರೇಡಿಯೋ ಗದ್ದಲವೇ ಎಷ್ಟು ಪ್ರಬಲವೆಂದರೆ ರಿಸೀವರ್‌ನ ಒಳಗದ್ದಲ ಲೆಕ್ಕಕ್ಕೇ ಬರುವುದಿಲ್ಲ. ಕಾಟವೆಲ್ಲ ಮನುಷ್ಯರ ಪ್ರಸಾರದಿಂದ. ಆದ್ದರಿಂದ ಊರುಗಳಿಂದ ದೂರದ ಜಾಗ ಆರಿಸುವುದೂ ಉಪಕರಣ ಕಟ್ಟುವಷ್ಟೇ ಮುಖ್ಯವಾಯಿತು.

ಈ ಚಿಂತನೆಯ ತುತ್ತತುದಿ ರಾಮನ್ ಸಂಸ್ಥೆಯ ‘ಸರಸ್’ ಪ್ರಯೋಗ. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಕುರುಹು ಸಿಕ್ಕಿತೆಂದು ಅಮೆರಿಕದ ನೇತೃತ್ವದ ತಂಡವೊಂದು 2018ರಲ್ಲಿ ಪ್ರಕಟಿಸಿತ್ತು: 78 ಮೆಗಾಹರ್ಟ್ಸ್ ಸುತ್ತ ಆಕಾಶದ ರೇಡಿಯೋ ಹೊಳಪಿನಲ್ಲಿ ಅರ್ಧ ಕೆಲ್ವಿನ್ ಆಳದ ಒಂದು ತಗ್ಗು. ಅದೇ ಕಂಪನಾಂಕದಲ್ಲಿ ಆಕಾಶದ ಹೊಳಪು ಸಾವಿರ ಕೆಲ್ವಿನ್ ಮೀರುತ್ತದೆ. ಇಂಥ ಅಳತೆಗೆ ಆಂಟೆನಾದ ಕೆಳಗಿನ ನೆಲವೂ ಶತ್ರು. ಮಣ್ಣಿನ ಪದರಗಳಿಂದ ಮರಳುವ ಪ್ರತಿಫಲನ ಸುಳ್ಳು ತಗ್ಗುಗಳನ್ನು ಮೂಡಿಸಬಲ್ಲದು. ಸರಸ್ ತಂಡ ನೆಲವನ್ನೇ ಬಿಟ್ಟಿತು. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ಆಂಟೆನಾವನ್ನು ತೆಪ್ಪದ ಮೇಲೆ ತೇಲಿಬಿಟ್ಟರು. ನೀರು ಆಳದವರೆಗೂ ಏಕರೂಪ. ರಿಸೀವರ್ ಬ್ಯಾಟರಿಯಲ್ಲಿ ನಡೆಯಿತು, ಸಿಗ್ನಲ್ ದಡಕ್ಕೆ ಬಂದದ್ದು ಆಪ್ಟಿಕಲ್ ಫೈಬರ್‌ನಲ್ಲಿ. ಗಾಜಿನ ಎಳೆ ವಿದ್ಯುತ್ ಗದ್ದಲವನ್ನು ಒಯ್ಯುವುದಿಲ್ಲ. 1946ರಲ್ಲಿ ರಾಬರ್ಟ್ ಡಿಕಿ ಆಂಟೆನಾ ಮತ್ತು ಉಲ್ಲೇಖ ಮೂಲದ ನಡುವೆ ಸ್ವಿಚ್ ಆಡಿಸುತ್ತ, ಎರಡರ ವ್ಯತ್ಯಾಸವನ್ನಷ್ಟೇ ಎಣಿಸುವ ಉಪಾಯ ಹೂಡಿದ್ದ. ಆ ವಂಶದ ಸ್ವಿಚ್ ತಂತ್ರಗಳೂ ಇಲ್ಲಿ ಕೆಲಸ ಮಾಡಿದವು. 2022ರ ಫೆಬ್ರವರಿಯಲ್ಲಿ ನೇಚರ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ತಂಡ ಆ ತಗ್ಗನ್ನು ಶೇ. 95.3ರ ಖಚಿತತೆಯಿಂದ ತಳ್ಳಿಹಾಕಿತು. ಕನ್ನಡ ನಾಡಿನ ಕೆರೆ, ಹಿನ್ನೀರುಗಳು ಮಾಪನವಿಜ್ಞಾನಕ್ಕೆ ಸಲ್ಲಿಸಿದ ಈ ಸೇವೆ ಇನ್ನೂ ಹೆಚ್ಚು ಜನಕ್ಕೆ ತಿಳಿಯಬೇಕು.

ಗದ್ದಲವನ್ನು ಮೊದಲೇ ತಡೆಯುವ ಈ ನಿಯಮ ದಿನಬಳಕೆಯ ಮಾಪನಕ್ಕೂ ಅನ್ವಯಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳನ್ನೂ ನಿಲ್ಲಿಸಿದೆ. ಕೊಡಗಿನ ದಕ್ಷಿಣದ ಶ್ರೀಮಂಗಲದಂಥ ಹೋಬಳಿಗಳಲ್ಲಿ, 2018ರ ಆಗಸ್ಟ್‌ನ ಭೂಕುಸಿತಗಳ ನಂತರ, ಮಳೆಯ ಒಂದೊಂದು ಅಂಕಿಗೂ ಜೀವದ ಬೆಲೆ ಬಂದಿದೆ. ಮಗುಚುವ ಲೋಟದ ಮಳೆಮಾಪಕದಲ್ಲಿ ಲೋಟ ಮಗುಚಿದಾಗಲೆಲ್ಲ ಆಯಸ್ಕಾಂತವೊಂದು ಸ್ವಿಚ್ ಮುಚ್ಚುತ್ತದೆ, ಎಣಿಕೆ ಒಂದು ಏರುತ್ತದೆ. ಏರಿಳಿಯುವ ವೋಲ್ಟೇಜ್ ಅಳೆಯುವ ಗೋಜಿಲ್ಲದ್ದರಿಂದ ಗದ್ದಲಕ್ಕೆ ಎಡೆ ಕಡಿಮೆ. ಆದರೂ ಸ್ವಿಚ್ಚಿನ ನಾಲಗೆ ಮುಚ್ಚುವಾಗ ಅದುರಿ ಒಂದರ ಬದಲು ಎರಡು ಮೂರು ಎಣಿಕೆ ಬೀಳಬಹುದು, ಸಿಡಿಲು ಸುಳ್ಳು ಎಣಿಕೆ ಸೇರಿಸಬಹುದು. ಇದಕ್ಕೆ ಕೆಪಾಸಿಟರ್, ಸರ್ಜ್ ಅರೆಸ್ಟರ್ ಹಾಕಿ, ಒಂದು ಎಣಿಕೆಯ ಬೆನ್ನಿಗೇ ಬಂದ ಇನ್ನೊಂದನ್ನು ಕೈಬಿಡುತ್ತಾರೆ. ಗಂಟೆಗೆ 100 ಮಿ.ಮೀ. ಸುರಿಯುವ ಮಳೆಯಲ್ಲೂ ಅರ್ಧ ಮಿ.ಮೀ. ಅಳೆಯುವ ಲೋಟ ತುಂಬಲು 18 ಸೆಕೆಂಡು ಬೇಕು. ಕೆಲವೇ ಮಿಲಿಸೆಕೆಂಡಿನ ಅಂತರದಲ್ಲಿ ಬಂದ ಎರಡನೆಯ ಎಣಿಕೆ ಮಳೆಯದ್ದಾಗಿರಲು ಸಾಧ್ಯವಿಲ್ಲ.