ಆಕಾಶದಲ್ಲಿ ಜಗಳವಾದರೆ ಕೇಳುವವರು ಯಾರು?

ನಮ್ಮಲ್ಲಿ ಹೆಚ್ಚಿನವರು ಊರಿಗೆ ಹೋಗಿ ಬಂದದ್ದು ರೈಲಿನಲ್ಲಿ. ದೆಹಲಿಯಿಂದ ಬೆಂಗಳೂರಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆಯುವಾಗ ಕಿಟಕಿಗಾಗಿಯೋ, ಟ್ರಂಕು ಇಡುವ ಜಾಗಕ್ಕಾಗಿಯೋ ಮಾತಿಗೆ ಮಾತು ಬೆಳೆಯುವುದು ಹೊಸದೇನಲ್ಲ. ಕೈಮೀರಿದರೆ ಮುಂದಿನ ನಿಲ್ದಾಣದಲ್ಲಿ ಪೊಲೀಸರು ಇದ್ದೇ ಇರುತ್ತಾರೆ; ಅದು ಭೋಪಾಲವಾಗಲಿ, ಸೊಲ್ಲಾಪುರವಾಗಲಿ, ಕಾನೂನು ಒಂದೇ. ಈಗ ಮದುವೆ ಮುಂಜಿಗಳಿಗೆ ನಾವೂ ವಿಮಾನ ಹತ್ತುತ್ತೇವೆ. ಆದರೆ ಸಮುದ್ರದ ಮೇಲೆ, ಯಾವ ದೇಶದ ನೆಲವೂ ಕೆಳಗಿಲ್ಲದ ಕಡೆ ಒಬ್ಬ ಪ್ರಯಾಣಿಕ ಇನ್ನೊಬ್ಬನನ್ನು ಹೊಡೆದರೆ ಅದು ಯಾರ ಠಾಣೆಗೆ ಸೇರಿದ್ದು? ಈ ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತಿಗೆ ಬಹಳ ಕಾಲ ಬೇಕಾಯಿತು.

1948ರ ಆಗಸ್ಟ್ 2ರಂದು ಪೋರ್ಟೊರಿಕೊದ ಸಾನ್ ಹುವಾನ್‌ನಿಂದ ನ್ಯೂಯಾರ್ಕಿಗೆ ಒಂದು ವಿಮಾನ ಹೊರಟಿತು. ರಮ್ ಕುಡಿದಿದ್ದ ಇಬ್ಬರು ಗೆಳೆಯರು ಅಟ್ಲಾಂಟಿಕ್ ಸಾಗರದ ಮೇಲೆ ಹೊಡೆದಾಟಕ್ಕೆ ಇಳಿದರು. ಜಗಳ ನೋಡುವ ಚಪಲ ಎಲ್ಲ ಕಡೆಯೂ ಒಂದೇ. ಉಳಿದ ಪ್ರಯಾಣಿಕರು ಎದ್ದು ಹಿಂಭಾಗಕ್ಕೆ ನುಗ್ಗಿದರು. ಹಿಂದೆ ಭಾರ ಹೆಚ್ಚಿ ವಿಮಾನದ ಸಮತೋಲವೇ ತಪ್ಪತೊಡಗಿತು. ಪೈಲಟ್ ತನ್ನ ಸ್ಥಾನವನ್ನು ಸಹಪೈಲಟನಿಗೆ ಒಪ್ಪಿಸಿ ಜಗಳ ಬಿಡಿಸಲು ಬಂದ. ಕುಡಿದವರಲ್ಲೊಬ್ಬ ಅವನ ಭುಜವನ್ನೇ ಕಚ್ಚಿದ, ಗಗನಸಖಿಯನ್ನೂ ಹೊಡೆದ.

1950ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಹಲ್ಲೆ ನಡೆದದ್ದು ಸಾಬೀತಾಯಿತು. ಆದರೂ ಶಿಕ್ಷೆ ಆಗಲಿಲ್ಲ. ಅಮೆರಿಕದ ಆಗಿನ ಕಾನೂನು ನಡುಸಮುದ್ರದಲ್ಲಿ ಹಡಗಿನ ಮೇಲೆ ನಡೆದ ಅಪರಾಧವನ್ನು ಕುರಿತು ಹೇಳಿತ್ತು. ವಿಮಾನ ಹಡಗಲ್ಲ, ಸಮುದ್ರದ ಮೇಲಿನ ಆಕಾಶ ಸಮುದ್ರವಲ್ಲ, ಆದ್ದರಿಂದ ಈ ಮೊಕದ್ದಮೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ನ್ಯಾಯಾಧೀಶರು ತೀರ್ಮಾನಿಸಿದರು. 'ಈ ವಿಷಯ ನಮ್ಮ ವಿಭಾಗಕ್ಕೆ ಸಂಬಂಧಿಸಿದ್ದಲ್ಲ' ಎಂಬ ಷರಾ ಹೊತ್ತು ಮೇಜಿನಿಂದ ಮೇಜಿಗೆ ಅಲೆಯುವ ಕಡತಗಳನ್ನು ದಿನವೂ ಕಾಣುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1952ರಲ್ಲಿ ಅಮೆರಿಕ ತನ್ನ ಕಾನೂನನ್ನು ತಿದ್ದಿಕೊಂಡಿತು.

ಒಂದು ದೇಶ ತಿದ್ದಿಕೊಂಡರೆ ಸಾಲದು. 1963ರ ಸೆಪ್ಟೆಂಬರ್ 14ರಂದು ಟೋಕಿಯೋದಲ್ಲಿ ಒಂದು ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಹಿ ಬಿತ್ತು. 1969ರ ಡಿಸೆಂಬರ್ 4ರಂದು ಅದು ಜಾರಿಗೆ ಬಂದಿತು. ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶಕ್ಕೆ ವಿಚಾರಣೆಯ ಅಧಿಕಾರ. ಪುಂಡಾಟ ನಡೆಸುವವನನ್ನು ಕಟ್ಟಿಹಾಕಲು, ದಾರಿಯಲ್ಲಿ ಇಳಿಸಲು, ಅಧಿಕಾರಿಗಳಿಗೆ ಒಪ್ಪಿಸಲು ಮುಖ್ಯ ಪೈಲಟನಿಗೆ ಅಧಿಕಾರ. ಭಾರತ 1975ರಲ್ಲಿ ಟೋಕಿಯೋ ಒಡಂಬಡಿಕೆ ಕಾಯಿದೆಯನ್ನು ಮಾಡಿತು. ನಮ್ಮ ದೇಶದಲ್ಲಿ ನೋಂದಣಿಯಾದ ವಿಮಾನ ಹೊರದೇಶದ ಆಕಾಶದಲ್ಲಿ ಹಾರುತ್ತಿದ್ದರೂ ಅದರೊಳಗಿನ ಅಪರಾಧಕ್ಕೆ ನಮ್ಮ ದಂಡ ಕಾನೂನು ಅನ್ವಯಿಸುವಂತಾಯಿತು. 1982ರ ಇನ್ನೊಂದು ಕಾಯಿದೆ, ಹಾರುವ ವಿಮಾನದ ಸುರಕ್ಷತೆಗೆ ಅಪಾಯ ತರುವಂಥ ಹಿಂಸೆಗೆ ಜೀವಾವಧಿ ಶಿಕ್ಷೆಯನ್ನೇ ವಿಧಿಸಿತು.

ಆದರೂ ಒಂದು ಕಿಂಡಿ ಉಳಿದಿತ್ತು. ವಿಮಾನ ಇಳಿದ ದೇಶದ ಪೊಲೀಸರು, 'ಇದು ಬೇರೆ ದೇಶದ ವಿಮಾನ' ಎಂದು ಆರೋಪಿಯನ್ನು ಬಿಟ್ಟುಬಿಡಬಹುದಾಗಿತ್ತು. ಇಳಿಯುವ ದೇಶಕ್ಕೂ ಅಧಿಕಾರ ನೀಡುವ ತಿದ್ದುಪಡಿ ಒಪ್ಪಂದ ಮಾಂಟ್ರಿಯಲ್‌ನಲ್ಲಿ ಆದದ್ದು 2014ರಲ್ಲಿ. 22 ದೇಶಗಳ ಅನುಮೋದನೆ ದೊರೆತು ಅದು ಜಾರಿಗೆ ಬಂದದ್ದು 2020ರ ಜನವರಿ 1ರಂದು. ನ್ಯೂಯಾರ್ಕಿನ ತೀರ್ಪಿನಿಂದ ಇಲ್ಲಿಗೆ ಎಪ್ಪತ್ತು ವರ್ಷ!

ನಮ್ಮ ದೇಶದ ಕಥೆ ಇನ್ನೊಂದು ದಾರಿ ಹಿಡಿಯಿತು. 2017ರ ಮಾರ್ಚ್‌ನಲ್ಲಿ ಪುಣೆಯಿಂದ ದೆಹಲಿಗೆ ಬಂದ ವಿಮಾನದಲ್ಲಿ ಸಂಸತ್ ಸದಸ್ಯರೊಬ್ಬರು ಸಿಬ್ಬಂದಿಯೊಬ್ಬರಿಗೆ ಚಪ್ಪಲಿಯಿಂದ ಹೊಡೆದರು. ವಿಮಾನ ಸಂಸ್ಥೆಗಳು ಸುಮಾರು ಎರಡು ವಾರ ಅವರಿಗೆ ಟಿಕೆಟ್ ಕೊಡಲಿಲ್ಲ; ಅವರು ರೈಲು ಹಿಡಿಯಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಿಯಮಗಳನ್ನು ಬಿಗಿಗೊಳಿಸಿ ಮೂರು ದರ್ಜೆ ಮಾಡಿತು: ಬೈಗುಳದಂಥ ದುರ್ವರ್ತನೆಗೆ ಮೂರು ತಿಂಗಳವರೆಗೆ, ಮೈಮುಟ್ಟಿದರೆ ಆರು ತಿಂಗಳವರೆಗೆ, ಪ್ರಾಣಕ್ಕೆ ಅಪಾಯ ತಂದರೆ ಕನಿಷ್ಠ ಎರಡು ವರ್ಷ ವಿಮಾನಯಾನ ನಿಷೇಧ. ಪೊಲೀಸ್ ಮೊಕದ್ದಮೆ ಬೇರೆ. ನಿರ್ಧಾರ ಸಂಸ್ಥೆಯ ಮರ್ಜಿಗೆ ಬಿಟ್ಟದ್ದಲ್ಲ. ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ವಿಚಾರಿಸಬೇಕು, ಮೇಲ್ಮನವಿಗೂ ಅವಕಾಶವಿರಬೇಕು ಎಂದಾಯಿತು. ಇದು ಮುಖ್ಯವಾದ ಮಾತು. ಊಟ ಕೊಡಲಿಲ್ಲವೆಂದು, ವಿಮಾನ ತಡವಾಯಿತೆಂದು ನ್ಯಾಯವಾಗಿ ದನಿ ಎತ್ತಿದವರನ್ನೂ ಪುಂಡರೆಂದು ಹಣೆಪಟ್ಟಿ ಹಚ್ಚಲು ಎಷ್ಟು ಹೊತ್ತು?

2022ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಿಂದ ದೆಹಲಿಗೆ ಬರುತ್ತಿದ್ದ ವಿಮಾನದಲ್ಲಿ ವೃದ್ಧೆಯೊಬ್ಬರ ಮೇಲೆ ಸಹಪ್ರಯಾಣಿಕನೊಬ್ಬ ಮೂತ್ರ ವಿಸರ್ಜಿಸಿದನೆಂಬ ದೂರು ಬಂದಿತು. ವಿಮಾನ ಇಳಿದ ಮೇಲೆ ಆತ ನಡೆದು ಹೋದ. ಪೊಲೀಸರು ಬಂಧಿಸಿದ್ದು ಜನವರಿಯಲ್ಲಿ. ವರದಿ ಮಾಡುವ ನಿಯಮವನ್ನು ಪಾಲಿಸದ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಬಿತ್ತು. ಪೈಲಟನ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು. 1948ರಲ್ಲಿ ಕಾನೂನೇ ಇರಲಿಲ್ಲ. 2022ರಲ್ಲಿ ಕಾನೂನು ಇತ್ತು, ಕಾಗದ ಕದಲಲಿಲ್ಲ. ನೊಂದವರ ಪಾಲಿಗೆ ಎರಡಕ್ಕೂ ಏನು ವ್ಯತ್ಯಾಸ?

1934ರ ವಿಮಾನ ಕಾಯಿದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಕಾಯಿದೆಗಳು ಬದಲಾಗುತ್ತಲೇ ಇರುತ್ತವೆ. ಆದರೆ ಊರಿನಿಂದ ಒಂಟಿಯಾಗಿ ಮಕ್ಕಳ ಮನೆಗೆ ಹಾರಿ ಬರುವ ನಮ್ಮ ತಾಯಂದಿರಿಗೆ ಇಂಗ್ಲಿಷೂ ಬಾರದು, ಹಿಂದಿಯೂ ಬಾರದು. ಅವರ ಪಕ್ಕದಲ್ಲಿ ಅನ್ಯಾಯ ನಡೆದಾಗ ಸಾನ್ ಹುವಾನ್‌ನ ಪ್ರಯಾಣಿಕರಂತೆ ನೋಡಲು ನುಗ್ಗದೆ, ಕುಳಿತಲ್ಲಿಂದಲೇ ಸಿಬ್ಬಂದಿಯನ್ನು ಕರೆದು, ಇಳಿದ ಮೇಲೆ ಸಾಕ್ಷಿ ಹೇಳಲು ಹತ್ತು ನಿಮಿಷ ನಿಲ್ಲುವವರು ಬೇಕು. ಕಾನೂನಿನ ಉಳಿದ ಕಿಂಡಿಯನ್ನು ಮುಚ್ಚಬೇಕಾದವರು ನಾವೇ.