ಕಾಟ್ಲಾ–ರೋಹು ಬೆರಕೆಯಲ್ಲಿ ನೆಗೆಯುವ ಡಿಎನ್‌ಎ: ತಾಯಿ ಯಾವುದು ಎಂಬ ಪ್ರಶ್ನೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಕೆರೆಗಳಿಗೆ ಬಿಡುವ ಮೀನುಮರಿಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮುಖ್ಯವಾದವು. ಇವು ಈ ನೀರಿನ ಮೂಲ ಮೀನುಗಳಲ್ಲ. ಶಿಂಷಾ ಹೊಳೆ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟಿ, ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಗಳನ್ನು ತುಂಬಿಸಿ ಕಾವೇರಿ ಸೇರುತ್ತದೆ. ಆದರೆ ಈ ಮೂರು ಮೀನುಗಳ ತವರು ಗಂಗೆಯ ಕಡೆಯ ಉತ್ತರದ ನದಿಗಳು. 1800ರಲ್ಲಿ ಮೈಸೂರು ಸೀಮೆ ಸುತ್ತುತ್ತ ತುಮಕೂರು, ಗುಬ್ಬಿಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ತಳೆದು, 1822ರಲ್ಲಿ ಗಂಗಾ ನದಿಯ ಮೀನುಗಳ ಮೇಲೆ ದೊಡ್ಡ ಗ್ರಂಥವನ್ನೇ ಹೊರತಂದ. ಕಾಟ್ಲಾ, ರೋಹುಗಳಿಗೆ ಶಾಸ್ತ್ರೀಯ ಹೆಸರು ಸಿಕ್ಕಿದ್ದು ಅದರಲ್ಲಿ. ಬೆರಳುದ್ದವೂ ಬೆಳೆಯದ ಒಂದು ಪಟ್ಟೆಮೀನೂ ಅದೇ ಗ್ರಂಥದಲ್ಲಿದೆ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಸಾಕುತ್ತಿರುವ ಜೀಬ್ರಾ ಮೀನು ಅದು. ಕಾಟ್ಲಾ, ರೋಹು ಸೇರಿದ ಗೆಂಡೆಗಳ ಹತ್ತಿರದ ನೆಂಟ. ಈ ಟಿಪ್ಪಣಿಯ ವಾದ ಬಹುಮಟ್ಟಿಗೆ ಆ ನೆಂಟಸ್ತಿಕೆಯ ಮೇಲೆ ನಿಂತಿದೆ.

ಜೀನೋಮಿನಲ್ಲಿ ತಾನಿದ್ದ ಜಾಗದಿಂದ ಕಿತ್ತುಕೊಂಡು, ಇಲ್ಲವೇ ತನ್ನದೊಂದು ಪ್ರತಿ ಮಾಡಿಕೊಂಡು, ಬೇರೆ ಕಡೆ ಸೇರಿಕೊಳ್ಳುವ ತುಣುಕುಗಳಿಗೆ ಟ್ರಾನ್ಸ್‌ಪೋಸಾನ್ ಎಂದು ಹೆಸರು. ಮೆಕ್ಕೆಜೋಳದಲ್ಲಿ ಇವನ್ನು ಗುರುತಿಸಿದ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಬಂತು. 2013ರಲ್ಲಿ ಪ್ರಕಟವಾದ ಜೀಬ್ರಾ ಮೀನಿನ ಜೀನೋಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇಂಥ ಪುನರಾವರ್ತನೆಗಳೇ. ಮನುಷ್ಯರ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ನಮ್ಮಲ್ಲಿ ಆರ್‌ಎನ್‌ಎ ಮೂಲಕ ಪ್ರತಿ ಮಾಡಿಕೊಳ್ಳುವ ಬಗೆ ಶೇ. 44, ಕಿತ್ತು ಅಂಟಿಕೊಳ್ಳುವ ಬಗೆ ಶೇ. 3ರ ಆಸುಪಾಸು. ಜೀಬ್ರಾ ಮೀನಿನಲ್ಲಿ ಮೊದಲನೆಯದು ಶೇ. 11, ಎರಡನೆಯದು ಶೇ. 39. ಎಲ್ಲ ಮೀನುಗಳಲ್ಲೂ ಹೀಗೇ ಎಂದುಕೊಳ್ಳಬಾರದು. ಪುಟ್ಟ ಜೀನೋಮಿನ ಉಬ್ಬುಮೀನುಗಳಲ್ಲಿ ಟ್ರಾನ್ಸ್‌ಪೋಸಾನ್‌ಗಳ ಒಟ್ಟು ಪಾಲು ಶೇ. 10ನ್ನೂ ಮುಟ್ಟುವುದಿಲ್ಲ.

ಈ ಶೇಕಡಾವಾರು ನೋಡಿ ದಂಗಾಗುವವರು ಒಂದು ಮಾತು ಗಮನಿಸಬೇಕು: ಇವುಗಳಲ್ಲಿ ಬಹುಪಾಲು ನೆಗೆಯುವ ಶಕ್ತಿ ಕಳೆದುಕೊಂಡ ಪ್ರತಿಗಳು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪೆರಿ ಹ್ಯಾಕೆಟ್ ಮತ್ತು ಸಂಗಡಿಗರು ಸಾಲ್ಮನ್ ಜಾತಿಯ ಮೀನುಗಳಲ್ಲಿ ಕೋಟಿ ವರ್ಷಕ್ಕೂ ಹಿಂದೆ ಸತ್ತುಹೋಗಿದ್ದ ಒಂದು ಟ್ರಾನ್ಸ್‌ಪೋಸಾನಿನ ಮುರುಕಲು ಪ್ರತಿಗಳನ್ನು ಹೋಲಿಸಿ, ತಪ್ಪಕ್ಷರಗಳನ್ನು ತಿದ್ದಿ, 1997ರಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟರು. ಅದೇ 'ಸ್ಲೀಪಿಂಗ್ ಬ್ಯೂಟಿ'. ಎಬ್ಬಿಸಬೇಕಾಗದೆ ಎಚ್ಚರವಾಗಿಯೇ ಸಿಕ್ಕಿದ್ದು ಜಪಾನಿನ ಗದ್ದೆಮೀನು ಮೆಡಾಕದ 'ಟೋಲ್2'. ಬಣ್ಣ ಬಾರದ ಮೆಡಾಕದಲ್ಲಿ, ಬಣ್ಣಕ್ಕೆ ಬೇಕಾದ ಟೈರೋಸಿನೇಸ್ ಜೀನಿನೊಳಗೆ ಅದು ತೂರಿಕೊಂಡಿರುವುದನ್ನು ನಗೋಯಾದ ವಿಜ್ಞಾನಿಗಳು 1996ರಲ್ಲಿ ವರದಿ ಮಾಡಿದರು. ಜೀಬ್ರಾ ಮೀನಿನ ಭ್ರೂಣಕ್ಕೆ ಹೊಸ ಜೀನು ಸೇರಿಸುವವರಿಗೆ ಇಂದು ಟೋಲ್2 ನಿತ್ಯದ ಉಪಕರಣ.

ಮೊಟ್ಟೆಯೊಳಗಿನ ಬೆಳವಣಿಗೆಯಲ್ಲಿ ಟ್ರಾನ್ಸ್‌ಪೋಸಾನ್‌ಗಳ ಪಾತ್ರವೇನು? ಜೀಬ್ರಾ ಮೀನಿನ ಭ್ರೂಣ ಮೊದಲ ಸುಮಾರು ಮೂರು ಗಂಟೆ ತಾಯಿ ತುಂಬಿಕೊಟ್ಟ ಆರ್‌ಎನ್‌ಎ, ಪ್ರೋಟೀನುಗಳ ಮೇಲೇ ನಡೆಯುತ್ತದೆ. ಆಮೇಲೆ ತನ್ನ ಜೀನುಗಳನ್ನು ತೆರೆಯುತ್ತದೆ. ಹಾಗೆ ತೆರೆದಾಗ, ಆರ್‌ಎನ್‌ಎ ಮೂಲಕ ಪ್ರತಿ ಮಾಡಿಕೊಳ್ಳುವ ಕೆಲವು ರೆಟ್ರೊ ತುಣುಕುಗಳೂ ಗೊತ್ತಾದ ಹೊತ್ತಿಗೆ, ಗೊತ್ತಾದ ಜೀವಕೋಶಗಳಲ್ಲಿ ಮಾತಾಡುತ್ತವೆ. 'ಭಿಖಾರಿ' ಎಂಬ ಹೆಸರಿನ ಒಂದು ತುಣುಕು ಭ್ರೂಣದ ನಡುಪದರ, ಒಳಪದರಗಳಾಗಲಿರುವ ಕೋಶಗಳಲ್ಲಿ ಚುರುಕಾಗುತ್ತದೆಂದು 1999ರಲ್ಲೇ ತಿಳಿದಿತ್ತು. ಆದರೆ ಆರ್‌ಎನ್‌ಎ ಕಂಡ ಮಾತ್ರಕ್ಕೆ ತುಣುಕು ನೆಗೆಯಿತೆಂದಲ್ಲ. ಪಕ್ಕದ ಜೀನನ್ನು ಓದುವಾಗ ಇದೂ ಜೊತೆಗೆ ಓದಿಸಿಕೊಂಡಿರಬಹುದು. ಈ ವ್ಯತ್ಯಾಸ ಮರೆತ ಬರಹಗಳು ಬೇಕಾದಷ್ಟಿವೆ.

ನೆಗೆದರೆ ಪೀಳಿಗೆಗೆ ದಾಟುವುದು ಜನನಕೋಶಗಳಲ್ಲಿ ನೆಗೆದಾಗ ಮಾತ್ರ. ಕಾವಲೂ ಅಲ್ಲೇ ಬಿಗಿ. ಪಿವಿ ಎಂಬ ಪ್ರೋಟೀನು ಪೈಆರ್‌ಎನ್‌ಎ ಎಂಬ ಚಿಕ್ಕ ಆರ್‌ಎನ್‌ಎಗಳನ್ನು ಗುರುತುಚೀಟಿಯಂತೆ ಹಿಡಿದು, ಹೊಂದುವ ಟ್ರಾನ್ಸ್‌ಪೋಸಾನ್ ಸಂದೇಶ ಸಿಕ್ಕಿದರೆ ಕತ್ತರಿಸಿಹಾಕುತ್ತದೆ. ಜೀಬ್ರಾ ಮೀನಿನಲ್ಲಿ ಈ ಕಾವಲು ತಪ್ಪಿದರೆ ಜನನಕೋಶಗಳೇ ಸಾಯುತ್ತವೆ ಎಂದು ನೆದರ್ಲೆಂಡ್ಸ್‌ನ ತಂಡ 2007ರಲ್ಲಿ ತೋರಿಸಿತು. ಕಾವಲುಗಾರರನ್ನು ತಾಯಿಯೇ ಮೊಟ್ಟೆಯೊಳಗಿಟ್ಟು ಕಳಿಸುತ್ತಾಳೆ ಎಂಬುದೂ ಆ ಕೆಲಸದಿಂದ ಸ್ಪಷ್ಟವಾಯಿತು. ತಾಯಿಯ ಜಾತಿಗೆ ಪರಿಚಯವಿಲ್ಲದ, ತಂದೆಯ ಕಡೆಯಿಂದ ಬಂದ ಟ್ರಾನ್ಸ್‌ಪೋಸಾನಿಗೆ ಅವಳ ಬಳಿ ಚೀಟಿ ಇರುವುದಿಲ್ಲ. ಹಣ್ಣುನೊಣಗಳಲ್ಲಿ ಪಿ ಎಂಬ ತುಣುಕು ಗಂಡಿನಿಂದ ಬಂದರೆ ಮರಿಗಳು ಬರಡಾಗಿ, ಅದೇ ತುಣುಕು ಹೆಣ್ಣಿನಿಂದ ಬಂದರೆ ಏನೂ ಆಗದಿರುವುದಕ್ಕೆ ಕಾರಣ ಇದೇ.

ಎರಡು ಜಾತಿಗಳು ಬೆರೆಯುವ ಜಾಗವಾಗಿ ಇಲ್ಲಿ ಹ್ಯಾಚರಿ ಬರುತ್ತದೆ. ಈ ಮೂರು ಗೆಂಡೆಗಳು ಮಳೆಗಾಲದ ಹರಿವ ನೀರಿನಲ್ಲಿ ಮೊಟ್ಟೆಯಿಡುವಂಥವು, ಕೆರೆಯ ನಿಂತ ನೀರಿನಲ್ಲಿ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ, ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಅವುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಮೀನುಮರಿ ಉದ್ಯಮವಾದದ್ದು. ಈಗ ಸಂಜೆ ಚುಚ್ಚುಮದ್ದು ಕೊಟ್ಟು ಗಂಡು ಹೆಣ್ಣುಗಳನ್ನು ದುಂಡು ತೊಟ್ಟಿಗೆ ಬಿಟ್ಟರೆ ರಾತ್ರಿಯೊಳಗೆ ಮೊಟ್ಟೆ. ಮುಂದಿನ 14–18 ಗಂಟೆಯಲ್ಲಿ ಮರಿ. ಮೊಟ್ಟೆಯೂ ವೀರ್ಯವೂ ನೀರಿನಲ್ಲೇ ಕೂಡುವುದರಿಂದ, ಒಂದೇ ತೊಟ್ಟಿಯಲ್ಲಿ ಎರಡು ಜಾತಿಗಳಿಗೆ ಒಟ್ಟಿಗೆ ಮೊಟ್ಟೆಯಿಡಿಸಿದರೆ ಬೆರಕೆ ತಪ್ಪಿದ್ದಲ್ಲ. ಕಾಟ್ಲಾದ ತಲೆ ದೊಡ್ಡದು, ಬಾಯಿ ಮೇಲ್ಮುಖ, ಮೀಸೆಯಿಲ್ಲ. ರೋಹುವಿನ ತಲೆ ಚಿಕ್ಕದು, ತುಟಿಗೆ ಜಾಲರಿಯಂಥ ಅಂಚು. ಬೆರಕೆಯದಕ್ಕೆ ರೋಹುವಿಗಿಂತ ದಪ್ಪ, ಕಾಟ್ಲಾಗಿಂತ ಸಣ್ಣ ತಲೆ. ಬೆಳವಣಿಗೆ ರೋಹುವಿಗಿಂತ ಚುರುಕು, ತಲೆ ಕಾಟ್ಲಾಗಿಂತ ಸಣ್ಣದಾದ್ದರಿಂದ ಮಾಂಸವೂ ಅದಕ್ಕಿಂತ ಹೆಚ್ಚು. ಕೆರೆಯ ಗುತ್ತಿಗೆದಾರನಿಗೆ ದೂರು ಹೇಳಲು ಕಾರಣವೇ ಇಲ್ಲ.

ಬೆರಕೆ ಟ್ರಾನ್ಸ್‌ಪೋಸಾನ್‌ಗಳನ್ನು ಎಬ್ಬಿಸಬಲ್ಲದು ಎಂಬ ಊಹೆ ಮೆಕ್ಲಿಂಟಾಕ್ ಅವರದೇ. ಮೀನಿನಲ್ಲಿ ಅದಕ್ಕೆ ಒಳ್ಳೆಯ ಸಾಕ್ಷಿ ಕೆನಡಾದಿಂದ ಬಂತು. ಸರೋವರದ ಬಿಳಿಮೀನಿನ ಎರಡು ಹೊಸ ಪ್ರಭೇದಗಳನ್ನು ಬೆರೆಸಿದಾಗ, ಸೊರಗಿ ಸಾಯುವ ಭ್ರೂಣಗಳಲ್ಲಿ ಟ್ರಾನ್ಸ್‌ಪೋಸಾನ್ ಸಂದೇಶಗಳು ಉಕ್ಕಿದ್ದನ್ನು 2014ರ ಅಧ್ಯಯನ ದಾಖಲಿಸಿತು. ಇದನ್ನೆತ್ತಿ ನಮ್ಮ ಕಾಟ್ಲಾ–ರೋಹುವಿಗೆ ಹಚ್ಚಲು ನನಗೆ ಒಪ್ಪಿಗೆಯಿಲ್ಲ. ಎರಡಕ್ಕೂ 50 ವರ್ಣತಂತುಗಳು. ಬೆರಕೆ ಮರಿಗಳು ಬದುಕುತ್ತವೆ, ದೊಡ್ಡವಾಗಿ ಮೊಟ್ಟೆಯನ್ನೂ ಇಡುತ್ತವೆ. ಕಾವಲು ಪೂರ್ತಿ ಕುಸಿದಿದ್ದರೆ ಹೀಗಾಗುತ್ತಿರಲಿಲ್ಲ. ಕೇಳಬೇಕಾದದ್ದು ಇದಕ್ಕಿಂತ ಕಿರಿದಾದ ಪ್ರಶ್ನೆ: ರೋಹು ತಾಯಿಯ ಬೆರಕೆಗೂ ಕಾಟ್ಲಾ ತಾಯಿಯ ಬೆರಕೆಗೂ ಜನನಕೋಶಗಳಲ್ಲಿ ವ್ಯತ್ಯಾಸವಿದೆಯೇ? ಇದ್ದರೆ, ತಾಯಿಯ ಪೈಆರ್‌ಎನ್‌ಎ ಗುರುತಿಸದ ತುಣುಕುಗಳಲ್ಲೇ ಇದೆಯೇ?

ಕುಣಿಗಲ್ ದೊಡ್ಡಕೆರೆಯ ಬಲೆಗೆ ಬಿದ್ದ ಬೆರಕೆ ಮೀನಿಗೆ ಈ ಪ್ರಶ್ನೆಯಿಂದ ಆಗಬೇಕಾದ್ದೇನಿಲ್ಲ. ಅದರೊಳಗೆ ಯಾವ ತುಣುಕು ನೆಗೆದಿದ್ದರೂ ಸಾರಿನ ಪಾತ್ರೆಯಲ್ಲಿ ಮುಗಿಯುತ್ತದೆ. ಕೆರೆಯಲ್ಲೇ ಮರಿಮಾಡುವ ಸಾಮಾನ್ಯ ಗೆಂಡೆ, ಜಿಲೇಬಿ ಮೀನುಗಳ ಮಾತು ಬೇರೆ. ಜಿಲೇಬಿಯ ಬಳಗದ ಆಫ್ರಿಕನ್ ಸಿಕ್ಲಿಡ್‌ಗಳಲ್ಲಿ ಜೀನಿನ ಪಕ್ಕ ಕೂತ ಟ್ರಾನ್ಸ್‌ಪೋಸಾನ್‌ಗಳು ಆ ಜೀನಿನ ಚಟುವಟಿಕೆ ಬದಲಿಸಿದ್ದಕ್ಕೆ 2014ರ ಜೀನೋಮ್ ಅಧ್ಯಯನದಲ್ಲಿ ಪುರಾವೆಯಿದೆ. ಅದು ಇನ್ನೊಂದು ಟಿಪ್ಪಣಿಗೆ ಇರಲಿ. ಕಾಟ್ಲಾ, ರೋಹುಗಳ ವಿಷಯದಲ್ಲಿ ಅಪಾಯವಿರುವುದು ಬೆರಕೆಯದನ್ನು ರೋಹು ಎಂದುಕೊಂಡು ಹ್ಯಾಚರಿಯ ತಾಯಿಮೀನಿನ ಕೊಳಕ್ಕೆ ಬಿಟ್ಟಾಗ. ಅಲ್ಲಿಂದ ಅದು ಮುಂದಿನ ತಲೆಮಾರುಗಳಿಗೆ ಹೋಗುತ್ತದೆ.

ಹಾಗಾಗಿ ಪರೀಕ್ಷೆಯ ಮೊದಲ ಮೆಟ್ಟಿಲು ತಾಯಿಮೀನಿನ ಕೊಳದಲ್ಲೇ. ರೆಕ್ಕೆಯ ಅಂಚಿನ ಚೂರು ಸಾಕು, ಮೀನಿಗೆ ಹಾನಿಯಿಲ್ಲ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುವುದರಿಂದ ಅದು ತಾಯಿಯ ಜಾತಿ ಹೇಳುತ್ತದೆ, ಕೋಶಕೇಂದ್ರದ ಗುರುತುಗಳು ಬೆರಕೆಯೋ ಅಲ್ಲವೋ ಎಂಬುದನ್ನು ಹೇಳುತ್ತವೆ. ಎರಡು ದಿಕ್ಕಿನ ಬೆರಕೆಯನ್ನೂ ಬೇರೆ ಬೇರೆ ಹಾಪಗಳಲ್ಲಿ (ನೀರಿನಲ್ಲಿ ಕಟ್ಟಿದ ಬಲೆಗೂಡುಗಳಲ್ಲಿ), ಕೈಯಿಂದ ಮೊಟ್ಟೆ ಹಿಂಡಿ ಮಾಡಿಸಿ, ಶುದ್ಧ ರೋಹು, ಶುದ್ಧ ಕಾಟ್ಲಾ ಮರಿಗಳ ಪಕ್ಕದಲ್ಲೇ ಬೆಳೆಸಬೇಕು. ಒಂದೇ ನೀರು, ಒಂದೇ ಮೇವು. ಚಿಕ್ಕ ಆರ್‌ಎನ್‌ಎ ಓದಬೇಕಾದದ್ದು ಬಲಿತ ಮೀನಿನ ಮಾಂಸದಿಂದಲ್ಲ, ಮೊದಲ ಬಾರಿ ತುಂಬಿಕೊಳ್ಳುತ್ತಿರುವ ಅಂಡಾಶಯದಿಂದ.